ದೊಡ್ಡಪ್ಪನಿಗೆ ಬಾರದ ಪೇಂಟು

ನಮ್ಮ ದೊಡ್ಡಪ್ಪ ಕಾರುಗಳಿಗೆ ಪೇಂಟ್ ಹೊಡೆಯುವವರು. ಹೀಗೆ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅವರಿಗೆ ಕೋಪ ಬರುತ್ತದೆ. ಪೇಂಟ್ ಹೊಡೆಯುವವರು ಊರು ತುಂಬ ಇದ್ದಾರಂತೆ, ತಾವು ಮಾಡುವುದೇ ಬೇರೆಯಂತೆ. ಏನು ಬೇರೆ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ, ತಮ್ಮ ಕೈಯಲ್ಲಿ ಮುಗಿದ ಕಾರಿನ ಬಾಗಿಲ ಮುಂದೆ ಅವರನ್ನು ನಿಲ್ಲಿಸುತ್ತಾರೆ. ಆ ದಿನದ ಪತ್ರಿಕೆಯನ್ನು ಬಾಗಿಲಿಗೆ ಎದುರಾಗಿ ಹಿಡಿದು, ಬಾಗಿಲಲ್ಲಿ ಕಾಣುವ ಸುದ್ದಿಯನ್ನು ಓದಲು ಹೇಳುತ್ತಾರೆ. ಅಕ್ಷರಗಳು ಒತ್ತು, ಕೊಂಬು ಸಮೇತ ಸ್ಪಷ್ಟವಾಗಿ ಕಾಣುತ್ತವೆ, ಆದರೆ ಉಲ್ಟಾ. ಓದಲಾಗದ ಗಿರಾಕಿ ತಪ್ಪು ತನ್ನದೇ ಎಂದುಕೊಂಡು ಹೋಗುತ್ತಾನೆ.

ಮನೆಯಲ್ಲೂ ಇದೇ ಪಾಡು. ಶೆಡ್ಡು ಅಡುಗೆಮನೆಯ ಬೆನ್ನಿಗೇ ಇದೆ. ಕಂಪ್ರೆಸರ್ ಶುರುವಾದರೆ ಕಪಾಟಿನ ಲೋಟಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಥಿನ್ನರ್ ವಾಸನೆಗೆ ನೆಂಟರು ಮೂಗು ಮುಚ್ಚಿಕೊಂಡರೆ, ಪಾಪ ನೆಗಡಿಯೇನೋ ಎಂದು ದೊಡ್ಡಪ್ಪ ನಿಜವಾಗಿಯೂ ಮರುಗುತ್ತಾರೆ. ದೊಡ್ಡಮ್ಮ ತೊಳೆದಿಟ್ಟ ತಟ್ಟೆಯನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಾರೆ. ಪಕ್ಕದ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ದೊಡ್ಡಪ್ಪನೂ ತಗ್ಗಿಸಿದ್ದರು. ಹೆಣ ಸಾಗಿಸುವ ವ್ಯಾನಿನ ಕೆಳಅಂಚಿನಲ್ಲಿ ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿ ಉಬ್ಬಿದ್ದನ್ನು ನೋಡಲು ಅದೇ ಅನುಕೂಲವಾದ ಭಂಗಿಯಾಗಿತ್ತು. ಮನೆಗೆ ಬಂದು ಸತ್ತವರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆ ಪುಟ್ಟಿಯ ಬಗ್ಗೆ ಮಾತ್ರ ವಾರವಿಡೀ ದುಃಖಪಟ್ಟರು.

ಈ ಮಹಾಪುರುಷರಿಗೆ ಒಬ್ಬ ಭಾವಮೈದುನ. ದೊಡ್ಡಮ್ಮನ ಒಬ್ಬನೇ ತಮ್ಮ, ನಾವು ಮಾವ ಎನ್ನುತ್ತೇವೆ. ಒಂದೇ ಜಾಗದಲ್ಲಿ ಪೇಂಟು ಹೆಚ್ಚಾಗಿ ಬಿದ್ದು ಕೆಳಗೆ ಇಳಿದರೆ, ಆ ಗೆರೆಗೆ ನಮ್ಮ ಶೆಡ್ಡಿನಲ್ಲಿ ಕಣ್ಣೀರು ಎನ್ನುತ್ತಾರೆ. ಮಾವ ಚಿಕ್ಕ ವಯಸ್ಸಿನಲ್ಲಿ ದೊಡ್ಡಪ್ಪನ ಹತ್ತಿರ ಕೆಲಸ ಕಲಿಯಲು ಬಂದವರು. ಅವರು ಮುಟ್ಟಿದ ಬಾಗಿಲೆಲ್ಲ ಅಳುತ್ತಿತ್ತು. ಹಾಗಾಗಿ ಅವರ ಹೆಸರೇ ಕಣ್ಣೀರು ಎಂದಾಯಿತು. ಕೊನೆಗೆ ಯಾವುದೋ ಮ್ಯಾನೇಜರ ಹೊಸ ಕಾರಿನ ಬಾಗಿಲ ಮೇಲೆ ಅವರು ಇಳಿಸಿದ ಗೆರೆಯನ್ನು ದೊಡ್ಡಪ್ಪ ಎಲ್ಲರನ್ನೂ ಕರೆದು ತೋರಿಸಿ, ಕೈಯಲ್ಲಿದ್ದ ಸ್ಪ್ರೇ ಗನ್ ಕಿತ್ತುಕೊಂಡು, ಗೇಟಿಗೆ ಪೇಂಟ್ ಹೊಡೆಯೋಕೆ ಹೋಗು ಅಂದರು. ಮಾವ ಹೋದರು. ಇವತ್ತಿಗೂ ಗೇಟು, ನೀರಿನ ಟ್ಯಾಂಕು, ಶಾಲೆಯ ಬೆಂಚು ಮಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ಗೇಟು ಅತ್ತರೆ ಯಾರೂ ಕೇಳುವುದಿಲ್ಲ. ಅಂದಿನಿಂದ ಭಾವ, ಭಾವಮೈದುನ ಎದುರೆದುರು ಕೂತರೂ ದೊಡ್ಡಮ್ಮನ ಮೂಲಕವೇ ಮಾತಾಡಿಕೊಳ್ಳುತ್ತಿದ್ದರು. ಉಪ್ಪಿನ ಡಬ್ಬಿ ಕೂಡ ಆ ದಾರಿಯಲ್ಲೇ ಹೋಗಿ ಬರುತ್ತಿತ್ತು.

ಇಷ್ಟಾದ ಮೇಲೆ ದೊಡ್ಡಪ್ಪನಿಗೆ ಕೆಮ್ಮು ಬಂತು. ಮಾಸ್ಕ್ ಹಾಕಿದರೆ ಮೀಸೆ ಮಡಚಿಹೋಗುತ್ತದೆಂದು ಆಯುಷ್ಯವಿಡೀ ಬರಿಮೂಗಿನಲ್ಲೇ ಸ್ಪ್ರೇ ಮಾಡಿದವರು. ಮೀಸೆ ಈಗಲೂ ನೆಟ್ಟಗಿದೆ. ಎದೆಯ ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಗನ್ ಮುಟ್ಟಕೂಡದು ಎಂದರು. ದೊಡ್ಡಪ್ಪ ತರಕಾರಿಗೆ ಚೌಕಾಸಿ ಮಾಡುವ ಹಾಗೆ ಮಾಡಿ, ಮಾಸ್ಕ್ ಹಾಕಿಕೊಂಡು ಒಂದೇ ಒಂದು ಕೊನೆಯ ಕಾರು ಎಂಬಲ್ಲಿಗೆ ಒಪ್ಪಿಸಿದರು. ಆ ಕೊನೆಯ ಕಾರು ಎಂಥದ್ದಿರಬೇಕು ಎಂಬುದೇ ಆಮೇಲೆ ಮನೆಯ ಮಾತಾಯಿತು. ತಾವು ಇಲ್ಲದ ಮೇಲೂ ಜನ ಅದನ್ನು ನೋಡಿ, ಇದು ಅವರ ಕೈ, ಎನ್ನಬೇಕಿತ್ತು. ನಾಲ್ಕು ಬಾಗಿಲಿನ ಸಾಧಾರಣ ಕಾರುಗಳು ಬಂದವು. ಅವಕ್ಕೆಲ್ಲ ಆ ಯೋಗ್ಯತೆ ಇಲ್ಲವೆಂದು ಹೊರಗಿಂದಲೇ ಕಳಿಸಿದರು.

ಆಗ ಬಂದರು ಹಲ್ಲಿನ ಡಾಕ್ಟರು. ಅವರ ಹತ್ತಿರ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ಎರಡೇ ಸೀಟು, ತಲೆಯ ಮೇಲೆ ಬಟ್ಟೆ, ಮಲಗಿದ ಬೆಕ್ಕಿನಂಥ ಮೈ. ಬಿಡುವಿದ್ದಾಗಲೆಲ್ಲ ಅದನ್ನು ಬಿಚ್ಚಿ ಜೋಡಿಸಿ, ಎಂಜಿನ್ನು, ಸೀಟು, ದೀಪ ಎಲ್ಲ ಮುಗಿಸಿದ್ದರು. ಪೇಂಟ್ ಮಾತ್ರ ಬಾಕಿ. ದೊಡ್ಡಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು, ಮಡ್‌ಗಾರ್ಡಿನ ಉಬ್ಬನ್ನು ಕರುವಿನ ಬೆನ್ನು ಸವರಿದಂತೆ ಸವರಿದರು. ಆ ದಿನ ಎರಡು ಸಲ ಬಡಿಸಿಕೊಂಡು ಊಟ ಮಾಡಿದರೆಂದು ದೊಡ್ಡಮ್ಮ ಹೇಳಿದರು. ಕನಸಿನಲ್ಲಿ ಅವರು ಕಾರಿಗೆ ಆಗಲೇ ಗಾಢ ಕೆಂಪು ಬಳಿದು, ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಹಾಕಿ, ಇಡೀ ಪತ್ರಿಕೆಯನ್ನು ಬಾನೆಟ್ಟಿನಲ್ಲಿ ಓದಿ ಮುಗಿಸಿದ್ದರು.

ಡಾಕ್ಟರು ಮಾರನೆಯ ದಿನ ಬಂದು ಮುಂದಿನ ಗಾಜಿನ ರಬ್ಬರ್ ಎಬ್ಬಿಸಿ ತೋರಿಸಿದರು. ರಬ್ಬರಿನ ಅಡಿಯಲ್ಲಿ ಬಿಸಿಲು ಕಾಣದೆ ಉಳಿದ ಒಂದು ಪಟ್ಟಿ ಮೂಲ ಬಣ್ಣ ಇತ್ತು. ಅದು ಹಸಿರೂ ಅಲ್ಲ, ಬೂದಿಯೂ ಅಲ್ಲ. ದೊಡ್ಡಪ್ಪ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಇಂಥ ಬಣ್ಣ ಸರ್ಕಾರಿ ಆಸ್ಪತ್ರೆಯ ಗೋಡೆಗೆ ಬಳಿದಿರುತ್ತಾರೆ ಎಂದರು, ಡಾಕ್ಟರು ನಾಚಿಕೊಳ್ಳಲಿ ಎಂದು. ಡಾಕ್ಟರು, ಸರಿಯಾಗಿ ಗುರುತು ಹಿಡಿದಿರಿ, ಅದೇ ಬಣ್ಣ ಎಂದು ಕೈ ಕುಲುಕಿದರು.

ಬಣ್ಣ ಹೋಯಿತು. ಮುಂದೆ ಪೇಂಟಿನ ಜಾತಿಯೂ ಹೋಯಿತು. ಈಗಿನ ಪೇಂಟು ಬೇಡವೇ ಬೇಡ, ಆ ಕಾಲದ ಸೆಲ್ಯುಲೋಸ್ ಪೇಂಟೇ ಬೇಕು ಎಂದರು ಡಾಕ್ಟರು. ಬೇಗ ಒಣಗುವ, ತೆಳ್ಳಗೆ ಕೂರುವ, ಕ್ಲಿಯರ್ ಕೋಟ್ ಕೇಳದ ಹಳೆಯ ಜಾತಿ. ಅದನ್ನು ಇನ್ನೂ ಮಾಡಿಕೊಡುವ ಅಂಗಡಿಯನ್ನು ಡಾಕ್ಟರೇ ಹುಡುಕಿಟ್ಟಿದ್ದರು. ಈ ಮನುಷ್ಯನಿಗೆ ಹಲ್ಲು ಕೀಳಲು ಪುರುಸೊತ್ತು ಎಲ್ಲಿ ಸಿಗುತ್ತದೆ ಎಂದು ದೊಡ್ಡಪ್ಪ ಆಶ್ಚರ್ಯಪಟ್ಟರು. ಆದರೂ ಬಣ್ಣ ಬೆರೆಸಲು ಕೂತರು. ಡಬ್ಬಿಯ ಮುಚ್ಚಳಗಳ ಮೇಲೆ ಮಾದರಿ ಹೊಡೆದು, ಒಣಗಿಸಿ, ಬೆಳಗಿನ ಬಿಸಿಲಲ್ಲೂ ಟ್ಯೂಬ್‌ಲೈಟಿನಲ್ಲೂ ಹಿಡಿದು ನೋಡುವುದು ಅವರ ಪದ್ಧತಿ. ಮನೆಯ ಕಿಟಕಿಗಳ ಮೇಲೆಲ್ಲ ಆಸ್ಪತ್ರೆ ಬಣ್ಣದ ಮುಚ್ಚಳಗಳು ಸಾಲಾಗಿ ಕೂತವು. ಒಂದು ಮುಚ್ಚಳಕ್ಕೆ ಗೊತ್ತಾಗದಷ್ಟು ನೀಲಿ ಸೇರಿಸಿ, ಪಾಪ, ಬಣ್ಣಕ್ಕೆ ಸ್ವಲ್ಪ ಕಳೆ ಬರಲಿ ಎಂದರು. ಡಾಕ್ಟರು ಬಂದು ಅದೊಂದನ್ನೇ ಪಕ್ಕಕ್ಕಿಟ್ಟು, ಇದರಲ್ಲಿ ನೀಲಿ ಇದೆ ಎಂದರು. ದೊಡ್ಡಪ್ಪ ಅಂಗಡಿಯವನನ್ನು ಬೈದರು.

ಇಷ್ಟನ್ನೂ ಅವರು ನುಂಗಿಕೊಂಡರು. ಬಣ್ಣ ಯಾವುದಾದರೇನು, ಕನ್ನಡಿ ಮಾಡುವುದು ಕೈ ತಾನೇ ಎಂಬ ಧೈರ್ಯ. ಆಗ ಡಾಕ್ಟರು ಒಂದು ದೊಡ್ಡ ಪುಸ್ತಕ ಬಿಡಿಸಿ, ಆ ಕಾರುಗಳನ್ನು ಮಾಡುತ್ತಿದ್ದ ಫ್ಯಾಕ್ಟರಿಯ ಹಳೆಯ ಫೋಟೋಗಳನ್ನು ತೋರಿಸಿದರು. ಬಾನೆಟ್ಟಿನ ಒಳಭಾಗ, ಡಿಕ್ಕಿಯ ಒಳಭಾಗ, ಬಾಗಿಲ ಕೆಳಗಿನ ಅಂಚು. ಎಲ್ಲ ಕಡೆ ಪೇಂಟು ಧೂಳಿನಂತೆ ಒರಟಾಗಿ ಕೂತಿತ್ತು. ಮೂಲೆಗಳಲ್ಲಿ ಪೇಂಟಿನ ಅಡಿಯ ಪ್ರೈಮರ್ ಇಣುಕುತ್ತಿತ್ತು. ಬಾಗಿಲ ಕೆಳಗೆ ದಪ್ಪ ಕಣ್ಣೀರು. ಕಾಣದ ಜಾಗಕ್ಕೆ ಅಲ್ಲಿಯ ಕೆಲಸಗಾರರು ಮನೆಗೆ ಹೊರಡುವ ಅವಸರದಲ್ಲಿ ಹೊಡೆಯುತ್ತಿದ್ದರಂತೆ. ಹಳೆಯ ಕಾರುಗಳ ಸಂಘದವರು ಪರೀಕ್ಷೆ ಮಾಡುವಾಗ ಇದನ್ನೇ ನೋಡುತ್ತಾರೆ, ಫ್ಯಾಕ್ಟರಿಯಿಂದ ಬಂದ ಹಾಗಿದ್ದರೆ ಮಾತ್ರ ಪದಕ ಎಂದರು.

"ಮೇಸ್ತ್ರಿ, ಆಗ ಹೇಗಿತ್ತೋ ಹಾಗೆ ಬೇಕು. ಅದಕ್ಕಿಂತ ಕೆಟ್ಟದಾಗಿ ಬೇಡ. ಅದಕ್ಕಿಂತ ಚೆನ್ನಾಗಿಯಂತೂ ಬೇಡವೇ ಬೇಡ."

ದೊಡ್ಡಪ್ಪ ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು. ಆ ದಿನ ಊಟ ಬೇಡ ಎಂದರು. ಕೊನೆಯ ಕಾರು ನೋಡಿ ಜನ ನೆನೆಸಿಕೊಳ್ಳಲಿ ಎಂದು ಕಾದವರಿಗೆ, ಬೇಕಂತಲೇ ಕೆಟ್ಟದಾಗಿ ಹೊಡೆಯಿರಿ ಎಂದರೆ ಹೇಗಿರಬೇಡ. ಆದರೆ ಕಾರು ಆಗಲೇ ಶೆಡ್ಡಿನೊಳಗೆ ಬಂದಿತ್ತು. ಆ ಮಡ್‌ಗಾರ್ಡುಗಳನ್ನು ಬೇರೆಯವನ ಕೈಗೆ ಬಿಡುವುದು ಅವರಿಂದ ಆಗುವ ಮಾತಲ್ಲ. ಹೊರಗಿನ ಮೈ ನನ್ನ ಇಷ್ಟದಂತೆ, ಒಳಗಿನ ಜಾಗ ನಿಮ್ಮ ಇಷ್ಟದಂತೆ ಎಂದು ಒಪ್ಪಂದಕ್ಕೆ ಬಂದರು. ಹೊರಗೂ ಮಿತಿಮೀರಿ ಉಜ್ಜಬೇಡಿ, ಒದ್ದೆ ಕಲ್ಲಿನಷ್ಟು ಹೊಳೆದರೆ ಸಾಕು ಎಂದು ಡಾಕ್ಟರು ಸೇರಿಸಿದರು. ದೊಡ್ಡಪ್ಪ ಆಯಿತು ಎಂದರು. ಅವರು ಅಷ್ಟು ಬೇಗ ಆಯಿತು ಎಂದರೆ ಅನುಮಾನಪಡಬೇಕು ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ.

ಹೊರಗಿನ ಮೈ ಮುಗಿಯಿತು. ಕಣ್ಣೀರಿನ ಮಾತು ಬಿಡಿ, ಒಂದು ಬೆವರ ಹನಿಯೂ ಇಲ್ಲ. ಆಮೇಲೆ ಒಳಗಿನದಕ್ಕೆ ಕೈ ಹಾಕಿದರು. ಡಿಕ್ಕಿಯ ಒಳಗೆ ಅವಸರದಲ್ಲಿ ಹೊಡೆದಂತೆ ಹೊಡೆಯಲು ಒಂದು ಬೆಳಗ್ಗೆಯಿಡೀ ತೆಗೆದುಕೊಂಡರು. ಡಾಕ್ಟರು ಬಂದು, ಬಾಯೊಳಗೆ ಇಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು, ಮೂಲೆ ಮೂಲೆಗೆ ತೂರಿಸಿ ನೋಡಿ, ನಿಟ್ಟುಸಿರು ಬಿಟ್ಟರು. ತುಂಬ ಚೆನ್ನಾಗಿದೆ ಎಂದರು, ಹುಳುಕು ಸಿಕ್ಕಿದೆ ಎನ್ನುವ ದನಿಯಲ್ಲಿ. ದೊಡ್ಡಪ್ಪ ಎಲ್ಲ ತೆಗೆದು ಮತ್ತೆ ಹೊಡೆದರು. ಈ ಸಲ ಗನ್ ದೂರ ಹಿಡಿದರು, ಮುಖ ಆ ಕಡೆ ತಿರುಗಿಸಿದರು. ಕಣ್ಣು ನೋಡದಿದ್ದರೂ ಮಣಿಕಟ್ಟು ನೋಡುತ್ತಿತ್ತು. ಪೇಂಟು ರೇಷ್ಮೆಯಂತೆ ಕೂತಿತು. ಬಾಗಿಲ ಕೆಳಗೆ ಬೇಕಂತಲೇ ಕಣ್ಣೀರು ಇಳಿಸಿದರು. ಅದು ಆಭರಣದಂಗಡಿಯಲ್ಲಿ ಇಡಬಹುದಾದಂಥ ಹನಿಯಾಯಿತು, ಅದರ ಪಕ್ಕ ಅದೇ ಅಳತೆಯ ಇನ್ನೊಂದು, ಮತ್ತೊಂದು. ಡಾಕ್ಟರು ಪುಟ್ಟ ಕನ್ನಡಿಯಲ್ಲಿ ನೋಡಿ, ಇದು ಅತ್ತ ಹಾಗಿಲ್ಲ ಮೇಸ್ತ್ರಿ, ನಾಟಕ ಮಾಡಿದ ಹಾಗಿದೆ ಎಂದರು.

ಪರೀಕ್ಷೆಯ ದಿನ ಹತ್ತಿರ ಬಂತು. ದೊಡ್ಡಪ್ಪ ಮಂಕಾದರು. ಒಳಗಿನದು ಸರಿಯಾಗದಿದ್ದರೆ ಕಾರಿಗೆ ಪದಕ ಬರುವುದಿಲ್ಲ. ಅವರ ಕೊನೆಯ ಕಾರು ಸೋತ ಕಾರು ಎನಿಸಿಕೊಳ್ಳುತ್ತದೆ. ಜನ ನೆನೆಸಿಕೊಳ್ಳುವುದೇನೋ ನೆನೆಸಿಕೊಳ್ಳುತ್ತಾರೆ, ಆದರೆ ಅದಕ್ಕಾಗಿ. ಅವರಿಗೆ ಬಾರದ ಕೆಲಸ ಒಂದಿದೆ ಎಂದು ನಮಗೂ ಅವರಿಗೂ ಒಟ್ಟಿಗೇ ಗೊತ್ತಾಯಿತು.

ದೊಡ್ಡಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆ, ಇದನ್ನು ಕಣ್ಣು ಮುಚ್ಚಿಕೊಂಡು ಮಾಡುವವನು ಒಬ್ಬನಿದ್ದಾನೆ ಎಂದರು. ದೊಡ್ಡಪ್ಪನಿಗೂ ಅದು ಹೊಳೆದಿರಬೇಕು. ಯಾರು ಎಂದು ಕೇಳಲಿಲ್ಲ. ಹಾಗಾದರೆ ಅವನಿಗೆ ಹೇಳಿ ಕಳಿಸು ಎಂದರು.

"ಹೇಳಿ ಕಳಿಸೋದಿಲ್ಲ. ನೀವೇ ಹೋಗಿ ಕರೀಬೇಕು," ಎಂದರು ದೊಡ್ಡಮ್ಮ. "ಇನ್ನೊಂದು ಮಾತು. ನಿನ್ನ ಕೆಟ್ಟ ಕೆಲಸ ಬೇಕಾಗಿದೆ ಅಂತ ಅವನಿಗೆ ಹೇಳೋದಾದ್ರೆ ಈ ಹೊಸ್ತಿಲು ದಾಟಬೇಡಿ. ಇವತ್ತೂ ಹೇಳಬಾರದು, ಮುಂದೆ ಯಾವತ್ತೂ ಹೇಳಬಾರದು."

ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಮಾವ ಒಂದು ಗೋದಾಮಿನ ಗೇಟಿಗೆ ಕಪ್ಪು ಬಳಿಯುತ್ತಿದ್ದರು. ಅರ್ಧ ಗೇಟಿಗೆ, ಅರ್ಧ ನೆಲಕ್ಕೆ. ಇಬ್ಬರ ಮಧ್ಯೆ ಮಾತು ದಾಟಿಸಲು ದೊಡ್ಡಮ್ಮ ಅಲ್ಲಿರಲಿಲ್ಲ. ದೊಡ್ಡಪ್ಪ ಗೇಟನ್ನೇ ನೋಡುತ್ತ, ಒಂದು ಸ್ಪೋರ್ಟ್ಸ್ ಕಾರು ಬಂದಿದೆ, ಒಳಗಿನ ಜಾಗಗಳನ್ನು ನೀನು ಮಾಡಿದರೆ ಚೆನ್ನಾಗಿರುತ್ತದೆ ಅಂತ ಅನಿಸಿತು ಎಂದರು. ಒಂದೊಂದು ಪದಕ್ಕೂ ಹಲ್ಲು ಕಿತ್ತಷ್ಟು ನೋವಾಗಿರಬೇಕು. ಮಾವನ ಕೈಯಲ್ಲಿದ್ದ ಬ್ರಷ್ಷು ಹಾಗೆಯೇ ನಿಂತು, ಚಪ್ಪಲಿಯ ಮೇಲೆ ಕಪ್ಪು ಸುರಿಯಿತು.

"ನಾನಾ, ಭಾವ?"

"ನೀನೇ."

"ನಿಮ್ಮ ಶೆಡ್ಡಲ್ಲಾ?"

ದೊಡ್ಡಪ್ಪ ತಲೆಯಾಡಿಸಿದರು. ಮಾವ ಅವತ್ತು ಗೇಟನ್ನು ಅರ್ಧಕ್ಕೆ ಬಿಟ್ಟರು. ಆ ಗೇಟಿಗೂ ಅದೇ ಒಳ್ಳೆಯದಾಯಿತು.

ಮಾರನೆಯ ದಿನ ಮಾವ ಕ್ಷೌರ ಮಾಡಿಸಿಕೊಂಡು, ಹೊಸ ಬಟ್ಟೆ ಹಾಕಿಕೊಂಡು ಬಂದರು. ಇಂಥ ಕೆಲಸಕ್ಕೆ ಹೊಸ ಬಟ್ಟೆ ಹಾಕಿ ಬರುವ ಪೇಂಟರನ್ನು ಬೇರೆಲ್ಲೂ ನೋಡಲಾರೆವು. ಗನ್ನನ್ನು ಥಿನ್ನರಿನಲ್ಲಿ ತೊಳೆದು, ಒರೆಸಿ, ಮತ್ತೆ ತೊಳೆದರು. ಈ ಮನುಷ್ಯ ಇಷ್ಟು ಶ್ರದ್ಧೆ ತೋರಿಸಿ ಕೆಲಸ ಚೆನ್ನಾಗಿ ಬಂದುಬಿಟ್ಟರೆ ಗತಿಯೇನು ಎಂದು ದೊಡ್ಡಪ್ಪ ಹೆದರಿದರು. ಆತುರವಿದ್ದರೆ ಬೇಗ ಮುಗಿಸು ಎಂದರು. ಮಾವ, ಆತುರ ಏನೂ ಇಲ್ಲ, ಇದಕ್ಕಾಗಿ ಎಷ್ಟು ಕಾಲ ಬೇಕಾದರೂ ಕೊಡುತ್ತೇನೆ ಎಂದರು. ದೊಡ್ಡಪ್ಪನಿಗೆ ಕೆಮ್ಮು ಬಂತು.

ಆದರೆ ದೇವರು ದೊಡ್ಡವನು. ಮಾವ ಉಸಿರು ಬಿಗಿಹಿಡಿದು ತಮ್ಮ ಜೀವನದ ಅತ್ಯುತ್ತಮ ಕೆಲಸ ಮಾಡಿದರು. ಡಿಕ್ಕಿಯ ಒಳಗೆ ಪೇಂಟು ಧೂಳು ಕೂತಂತೆ ಕೂತಿತು. ಮೂಲೆಗಳಲ್ಲಿ ಪ್ರೈಮರ್ ಇಣುಕಿತು. ಬಾಗಿಲ ಕೆಳಗಿನ ಅಂಚಿನಲ್ಲಿ, ಪುಸ್ತಕದ ಫೋಟೋದಲ್ಲಿ ಇದ್ದಂತೆಯೇ, ದಪ್ಪನೆಯ, ಸೊಟ್ಟನೆಯ ಕಣ್ಣೀರೊಂದು ಇಳಿದು ಅರ್ಧದಲ್ಲಿ ನಿಂತಿತು. ಅದನ್ನು ಮಾವ ಮೊದಲು ನೋಡಿದರು. ಒಣಗುವ ಮೊದಲೇ ಒರೆಸಿಬಿಡೋಣ ಎಂದು ಬಟ್ಟೆ ಹಿಡಿದು ಬಗ್ಗಿದರು. ದೊಡ್ಡಪ್ಪ ಓಡಿ ಬಂದು ಅವರ ಕೈ ಹಿಡಿದರು.

"ಬಿಡು. ಇರಲಿ."

ಮಾವನಿಗೆ ನಂಬಿಕೆ ಬರಲಿಲ್ಲ. ಇರಲಿ ಎಂಬ ಮಾತು ಆ ಶೆಡ್ಡಿನಲ್ಲಿ ಅದುವರೆಗೆ ಯಾರೂ ಆಡಿದ್ದಿಲ್ಲ. ಅಕ್ಕನ ಗಂಡ ಇಷ್ಟು ಕಾಲದ ಮೇಲೆ ದೊಡ್ಡ ಮನಸ್ಸು ಮಾಡಿ ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು ಎಂದುಕೊಂಡು, ಅಡುಗೆಮನೆಗೆ ಹೋಗಿ ದೊಡ್ಡಮ್ಮನ ಮುಂದೆ ಮುಖ ಒರೆಸಿಕೊಂಡರಂತೆ. ಇತ್ತ ಡಾಕ್ಟರು ಪುಟ್ಟ ಕನ್ನಡಿ ಹಿಡಿದು ನೆಲದ ಮೇಲೆ ಮಲಗಿ, ಅದ್ಭುತ, ಅದ್ಭುತ ಎನ್ನುತ್ತಿದ್ದರು.

ಪರೀಕ್ಷೆ ಒಂದು ದೊಡ್ಡ ಮೈದಾನದಲ್ಲಿ. ಸಂಘದ ಕಡೆಯಿಂದ ಬಂದವರು ವಯಸ್ಸಾದ ಹೆಂಗಸು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಚಾಪೆ ಹಾಸಿಕೊಂಡು ಒಂದೊಂದು ಕಾರಿನ ಕೆಳಗೂ ತೂರಿ ಬರುತ್ತಿದ್ದರು. ದೊಡ್ಡಪ್ಪ, ದೊಡ್ಡಮ್ಮ, ಮಾವ ಎಲ್ಲರೂ ಹೋಗಿದ್ದರು. ದೊಡ್ಡಪ್ಪ ಬೇರೆಯವರಿಗಿಂತ ಮೊದಲೇ ಹೋಗಿ, ಯಾರೂ ಇಲ್ಲದ ಹೊತ್ತಿನಲ್ಲಿ, ಜೇಬಿನಲ್ಲಿ ತಂದಿದ್ದ ಪಾಲಿಶಿನಿಂದ ಹೊರಗಿನ ಮೈಯನ್ನು ಒಂದು ಕೈ ಉಜ್ಜಿದ್ದರು. ಒಂದು ಕೈ ಎಂದರೆ ಅವರ ಲೆಕ್ಕದಲ್ಲಿ ಒಂದು ಕೈ. ಡಾಕ್ಟರು ಬಂದು ನೋಡುವ ಹೊತ್ತಿಗೆ ಬಾನೆಟ್ಟಿನಲ್ಲಿ ಮೋಡಗಳು ಹೋಗುತ್ತಿದ್ದವು. ಅವರ ದವಡೆ ಗಟ್ಟಿಯಾಯಿತು.

ಪರೀಕ್ಷಕಿ ಹೊರಗಿನ ಮೈ ನೋಡಿ, ಇಷ್ಟು ಹೊಳಪು ಫ್ಯಾಕ್ಟರಿಯದಲ್ಲ, ಯಾರೋ ಅಂದ ಹೆಚ್ಚಿಸಲು ಹೋಗಿ ಕೆಡಿಸಿದ್ದಾರೆ ಎಂದು ಬೇಸರದಿಂದ ಹೇಳಿದರು. ದೊಡ್ಡಪ್ಪ ಆಕಾಶ ನೋಡಿದರು. ಅವರ ಕೆಲಸಕ್ಕೆ ಯಾರಾದರೂ ಕೆಡಿಸಿದ್ದಾರೆ ಎಂದದ್ದು ಅದೇ ಮೊದಲು. ಆಮೇಲೆ ಆಕೆ ಡಿಕ್ಕಿ ತೆಗೆದರು, ಬಾಗಿಲ ಕೆಳಗೆ ಟಾರ್ಚು ಬಿಟ್ಟರು, ಆ ಸೊಟ್ಟ ಕಣ್ಣೀರಿನ ಮುಂದೆ ಬಹಳ ಹೊತ್ತು ಕೂತರು. ಎದ್ದು, ಹೊರಗಿನದಕ್ಕೆ ಪದಕ ಕೊಡುವ ಹಾಗಿರಲಿಲ್ಲ, ಒಳಗಿನ ಕೆಲಸ ಈ ಕಾರನ್ನು ಉಳಿಸಿತು ಎಂದರು. ಆ ಕಾಲದ ಕೈ ಇನ್ನೂ ಬದುಕಿದೆ ಅಂತ ನನಗೆ ಗೊತ್ತಿರಲಿಲ್ಲ, ಇದನ್ನು ಮಾಡಿದವರು ಯಾರು ಎಂದು ಕೇಳಿದರು.

ಡಾಕ್ಟರು ದೊಡ್ಡಪ್ಪನ ಕಡೆ ನೋಡಿದರು. ಒಂದು ಗಳಿಗೆ ದೊಡ್ಡಪ್ಪನ ಮೀಸೆ ಅಲುಗಿತು. ಹೂಂ ಅಂದಿದ್ದರೆ ಅದು ಅವರದೇ ಆಗಿಬಿಡುತ್ತಿತ್ತು, ಮಾವ ಅದನ್ನು ಅಲ್ಲಗಳೆಯುವವರಲ್ಲ. ಆದರೆ ಕೆಟ್ಟ ಪೇಂಟನ್ನು ತನ್ನದು ಎನ್ನಲು ಆ ನಾಲಿಗೆ ಹೊರಳಲಿಲ್ಲವೋ, ಬೇರೆ ಏನಾದರೂ ಅನಿಸಿತೋ, ನನಗೆ ತಿಳಿಯದು.

"ನನ್ನ ಭಾವಮೈದುನ," ಎಂದರು.

ಪದಕವನ್ನು ಡಾಕ್ಟರ ಕೈಗೆ ಕೊಟ್ಟರೂ ಎಲ್ಲರೂ ಕೈ ಕುಲುಕಿದ್ದು ಮಾವನಿಗೆ. ಸ್ಪೋರ್ಟ್ಸ್ ಕಾರಿನ ಒಡೆಯರು ಅವರನ್ನು ಸುತ್ತುಗಟ್ಟಿ, ನಮ್ಮ ಕಾರಿನ ಒಳಗೂ ಮಾಡಿಕೊಡುತ್ತೀರಾ ಎಂದು ಕೇಳಿದರು. ಒಬ್ಬರಂತೂ ಆ ಗೆರೆಯ ಫೋಟೋ ತೆಗೆದುಕೊಂಡರು. ಮಾವ ಬೀಗಿಹೋಗಿ, ಪೇಂಟಿನ ಮೂಲಪಾಠಗಳನ್ನು ಎಲ್ಲರಿಗೂ ಹೇಳತೊಡಗಿದರು.

ವಾಪಸ್ ಹೊರಟಾಗ ಮಾವನ ಗೂಡ್ಸ್ ಟೆಂಪೋದಲ್ಲಿ ಮುಂದೆ ಮೂವರೂ ಒತ್ತಿಕೊಂಡು ಕೂತರು. ದೊಡ್ಡಮ್ಮ ಮಧ್ಯೆ. ಗಾಡಿ ಮೈದಾನದಿಂದ ಹೊರಗೆ ಬರುತ್ತಲೇ ಮಾವ, ಅಕ್ಕನ ತಲೆಯ ಮೇಲಿಂದ ನೇರವಾಗಿ, ಭಾವನೊಂದಿಗೆ ಮಾತಾಡಿದರು.

"ಭಾವ, ಬೇಜಾರು ಮಾಡ್ಕೋಬೇಡಿ, ನಮ್ಮೋರು ಅಂತ ಹೇಳ್ತಿದೀನಿ. ನೀವು ಉಜ್ಜೋದು ಒಂಚೂರು ಜಾಸ್ತಿ."

ದೊಡ್ಡಪ್ಪ ಬಾಯಿ ತೆರೆದರು. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಮುಗಿಸಬಹುದಿತ್ತು. ಆ ವಾಕ್ಯ ಅವರ ಬಾಯಲ್ಲಿ ಸಿದ್ಧವಾಗಿಯೇ ಇತ್ತು, ಇಷ್ಟು ದಿನವೂ ಅದನ್ನು ಇಟ್ಟುಕೊಂಡು ಓಡಾಡಿದ್ದರು. ದೊಡ್ಡಮ್ಮ ರಸ್ತೆಯನ್ನೇ ನೋಡುತ್ತಿದ್ದರು.

"ಹೌದು ಕಣೋ," ಎಂದರು ದೊಡ್ಡಪ್ಪ. "ಒಂಚೂರು ಜಾಸ್ತೀನೇ."

ಮನೆ ಸೇರುವವರೆಗೂ ಮಾವ ಗನ್ ಹೇಗೆ ಹಿಡಿಯಬೇಕು, ಎಷ್ಟು ದೂರ ಹಿಡಿಯಬೇಕು ಎಂದು ಹೇಳಿಕೊಡುತ್ತಲೇ ಇದ್ದರು. ದೊಡ್ಡಪ್ಪ ಗಮನವಿಟ್ಟು ಕೇಳಿಸಿಕೊಂಡರಂತೆ. ನಡುವೆ ಒಂದೆರಡು ಸಂದೇಹ ಕೂಡ ಕೇಳಿದರಂತೆ.